ಹತ್ತು ಮಾರು ಸರಪಳಿ

ಆ ವರ್ಷ ಭೀಮನ ಅಮಾವಾಸ್ಯೆಯ ಪೂಜೆಯನ್ನು ಲೀಲಾವತಿ ಪಾತ್ರೆ ತೊಳೆಯುವ ಸಿಂಕಿನೊಳಗೆ ಮಾಡಬೇಕಾಯಿತು. ಬೆಳಗಿನಿಂದಲೇ ದೋಣಿ ಸಣ್ಣಗೆ ಹೊಯ್ದಾಡುತ್ತಿತ್ತು. ಮೇಜಿನ ಮೇಲೆ ದೀಪ ನಿಲ್ಲುವಂತಿರಲಿಲ್ಲ. ಸ್ಟೀಲ್ ಸಿಂಕಿನ ತಳಕ್ಕೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ತಟ್ಟೆಯಿಟ್ಟು, ತಂಬಿಟ್ಟಿನ ಎರಡು ದೀಪ ಕೂರಿಸಿದಳು. ಬೆಲ್ಲ ಮುಗಿದು ತಿಂಗಳಾಗಿತ್ತು. ಅಕ್ಕಿಹಿಟ್ಟಿಗೆ ಕಂದು ಸಕ್ಕರೆಯನ್ನೇ ಕಲಸಿದ್ದಳು. ಒಂಬತ್ತು ಗಂಟಿನ ಅರಿಶಿನದ ದಾರವನ್ನು ಬಲಗೈಗೆ ಸುತ್ತಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ತಾನೇ ಕಟ್ಟಿಕೊಂಡಳು. ಗಂಡನ ಕಾಲು ಮುಟ್ಟಿ ನಮಸ್ಕರಿಸುವ ಹೊತ್ತು ಬಂದಾಗ ಅತ್ತಿತ್ತ ನೋಡಿದಳು. ಬಾಗಿಲ ಬದಿಗೆ ಅವನ ರಬ್ಬರ್ ಬೂಟುಗಳಿದ್ದವು. ಅವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಗಂಡ ಗುರುದತ್ ಕಾರ್ಕ್ ಪಟ್ಟಣದ ಆಸ್ಪತ್ರೆಯಲ್ಲಿದ್ದ. ಒಂಬತ್ತು ದಿನದ ಹಿಂದೆ, ದಾರಿಯ ಕೊನೆಯ ಹದಿಮೂರು ದಿನ ಬರೀ ನೀರು ನೋಡಿಕೊಂಡು ಬಂದು, ಐರ್ಲೆಂಡಿನ ನೈಋತ್ಯ ಮೂಲೆಯ ಈ ಕೊಲ್ಲಿಯಲ್ಲಿ ಲಂಗರು ಹಾಕಿದ ಅರ್ಧ ಗಂಟೆಗೆ ಅವನು ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದ. ಕಣ್ಣಷ್ಟೇ ಕಾಣುವಂತೆ ಮಾಸ್ಕು, ಗೌನು ತೊಟ್ಟವರು ದೊಡ್ಡ ದೋಣಿಯಲ್ಲಿ ಬಂದು ಅವನನ್ನು ಸ್ಟ್ರೆಚರಿಗೆ ಕಟ್ಟಿ ಇಳಿಸಿಕೊಂಡರು. ಅವಳೂ ಒಂದು ಕಾಲು ಆಚೆ ಇಟ್ಟಳು. "ನೀವು ಬರುವಂತಿಲ್ಲ," ಎಂದರು. ಕೊರೋನಾದ ಕಾಲ, ಹೊರದೇಶದಿಂದ ಬಂದವರು ಹದಿನಾಲ್ಕು ದಿನ ಎಲ್ಲಿದ್ದಾರೋ ಅಲ್ಲೇ ಇರಬೇಕು. ಆಸ್ಪತ್ರೆಗೆ ರೋಗಿಯ ಹೊರತು ಯಾರನ್ನೂ ಬಿಡುತ್ತಿರಲಿಲ್ಲ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ಶ್ವಾಸಕೋಶದಲ್ಲಿ ನೀರು ನಿಂತಿದೆ, ಇನ್ನೂ ಕೆಲವು ದಿನ ಇರಲಿ ಎಂದು ಇಟ್ಟುಕೊಂಡಿದ್ದರು.

ಮೊದಲು ಅವರು ಎಲ್ಲರ ಹಾಗೆ ಗೋಡೆಯಿದ್ದ ಮನೆಯಲ್ಲೇ ಇದ್ದವರು. ಗುರುದತ್ ಮೈಸೂರಿನವನು, ಕಾರ್ಕಿನ ಔಷಧ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಇಂಜಿನಿಯರು. ಡನ್ ಲಿಯರಿ ಎಂಬ ಬಂದರಿನಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತು ಬಂದ ದಿನದಿಂದ ಅವನಿಗೆ ಅದೇ ಹುಚ್ಚು. ಕಂಪನಿ ಐವತ್ತೈದಕ್ಕೇ ಬಿಡುಗಡೆ ಕೊಟ್ಟಾಗ, ಮಗಳು ತನ್ವಿ ಅತ್ಲೋನಿನಲ್ಲಿ ಕೆಲಸಕ್ಕೆ ಸೇರಿದ್ದಳು. ಇವನು ಮನೆ ಮಾರಿ ಮೂವತ್ತನಾಲ್ಕು ಅಡಿಯ ಹಳೇ ಹಾಯಿದೋಣಿ ಕೊಂಡ. ಅದರ ಮೈಮೇಲೆ ಹಿಂದಿನವರು ಮೇವ್ ಎಂದು ಅಲ್ಲಿಯ ಹಳೇ ರಾಣಿಯೊಬ್ಬಳ ಹೆಸರು ಬರೆಸಿದ್ದರು. "ಹುಲ್ಲು ಮೇವಿನ ಹೆಸರಿಟ್ಟು ಸಮುದ್ರಕ್ಕೆ ಬಿಟ್ಟಿದ್ದಾರಲ್ರೀ," ಎಂದು ನಾಗಮಂಗಲದ ಕಡೆಯ, ದನ ಕಟ್ಟಿದವರ ಮನೆಯ ಹೆಣ್ಣುಮಗಳು ಲೀಲಾವತಿ ನಕ್ಕಿದ್ದಳು. ನಕ್ಕು ಜೊತೆಗೆ ಹೋದಳು. ಎರಡು ವರ್ಷ ವೆಸ್ಟ್ ಇಂಡೀಸಿನ ದ್ವೀಪದಿಂದ ದ್ವೀಪಕ್ಕೆ ಸುತ್ತಿದರು.

ಅಲ್ಲಿಯೂ ಬಿರುಗಾಳಿ ಕಂಡವರೇ. ಆದರೆ ಅಲ್ಲಿ ಒಂದು ಕೊಲ್ಲಿಯಲ್ಲಿ ಹದಿನೈದು ದೋಣಿ ಇರುತ್ತಿದ್ದವು. ಮೋಡ ಕಪ್ಪಾದರೆ ರೇಡಿಯೋದಲ್ಲಿ ಒಬ್ಬರಿಗೊಬ್ಬರು ಕೂಗಿಕೊಳ್ಳುವರು. ಯಾರದೋ ಹಾಯಿ ಬಿಚ್ಚಿದರೆ ಇನ್ಯಾರೋ ಸಣ್ಣ ದೋಣಿಯಲ್ಲಿ ಓಡಿ ಬರುವರು. ಮಳೆ ನಿಂತ ಮೇಲೆ ಎಲ್ಲರೂ ಒಂದು ದೋಣಿಯಲ್ಲಿ ಸೇರಿ ಅದೇ ಮಾತು ಹತ್ತು ಸಲ ಹೇಳಿಕೊಂಡು ನಗುವರು. ನೀರು ಗಾಜಿನ ಹಾಗೆ. ಲಂಗರು ಬಿಟ್ಟ ಮೇಲೆ ಗುರುದತ್ ಈಜುವ ಕನ್ನಡಕ ಹಾಕಿಕೊಂಡು ಧುಮುಕಿ, ಅದು ಬಿಳಿ ಮರಳಲ್ಲಿ ಕಚ್ಚಿದೆಯೋ ಇಲ್ಲವೋ ಕಣ್ಣಾರೆ ನೋಡಿ ಬರುತ್ತಿದ್ದ. ಮಾರ್ಚಿನಲ್ಲಿ ದ್ವೀಪಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಕಾಲಿಡಲು ನೆಲವೇ ಇಲ್ಲದಂತಾದಾಗ ಊರ ಕಡೆ ತಿರುಗಿದರು. ಊರೆಂದರೆ ಈಗ ಇದು.

ಪೂಜೆ ಮುಗಿಸಿ ಮೇಲೆ ಬಂದಾಗ ಫಿನ್‌ಬಾರ್ ತನ್ನ ತೆರೆದ ದೋಣಿಯಲ್ಲಿ ಬರುತ್ತಿದ್ದ. ಎಪ್ಪತ್ತು ದಾಟಿದ ಆಸಾಮಿ. ಎದುರಿನ ಹಸಿರು ಗುಡ್ಡದ ಮೇಲೆ ಅವನ ಹನ್ನೊಂದು ಹಸು, ಕೆಂಪು ಗೇಟು, ಮನೆ. ನೀರಲ್ಲಿ ಅವನ ಏಡಿ ಬುಟ್ಟಿಗಳು. ದಿನ ಬಿಟ್ಟು ದಿನ ಹಾಲು ತರುತ್ತಿದ್ದ. ಮೀನೆತ್ತುವ ಉದ್ದ ಹಿಡಿಯ ಬಲೆಯಲ್ಲಿ ಬಾಟಲಿಯಿಟ್ಟು ದೂರದಿಂದಲೇ ಚಾಚುವುದು. ಅವಳು ಎತ್ತಿಕೊಂಡು ಖಾಲಿ ಬಾಟಲಿ ಹಾಕುವುದು. ಈ ಒಂಬತ್ತು ದಿನದಲ್ಲಿ ಅವಳು ಕಂಡ ಮನುಷ್ಯಮುಖ ಅದೊಂದೇ.

"ಮಿಸ್ಸಸ್! ಬದುಕಿದ್ದೀರಾ?"

"ಹಾಲು ಕುಡಿದ ಮೇಲೆ ಹೇಳ್ತೀನಿ."

"ಸಂಜೆಗೆ ಗಾಳಿ ಇದೆ. ನೈಋತ್ಯದಿಂದ, ಜೋರಾಗೇ ಬರುತ್ತೆ. ನಮ್ಮಮ್ಮನ ಮೊಣಕಾಲು ಮೂರು ದಿನದಿಂದ ಹೇಳ್ತಾ ಇದೆ."

"ರೇಡಿಯೋ ಏನನ್ನುತ್ತೆ?"

"ಅದೂ ಹೇಳ್ತು, ಇವತ್ತು ಬೆಳಗ್ಗೆ. ಅಮ್ಮ ಹೇಳಿದ ಎರಡು ದಿನದ ಮೇಲೆ." ಅವನು ಹುಟ್ಟನ್ನು ಒತ್ತಿ ದೋಣಿಯನ್ನು ನಿಲ್ಲಿಸಿಕೊಂಡ. "ಇಲ್ಲಿ ಇರಬೇಡಿ. ಇದು ಬಯಲು. ಒಳಗಡೆ ಹೋಗಿ, ಆ ಬಿಳಿ ಬಂಡೆ ಇದೆಯಲ್ಲ, ಅದರ ನೇರಕ್ಕೆ. ತಳ ಒಳ್ಳೇ ಜೇಡಿ. ಸರಪಳಿ ಇದೆ ತಾನೆ?"

"ಮೂವತ್ತು ಮಾರು ಇದೆ," ಎನ್ನಲು ಹೋಗಿ, ಮಾರು ಅವನಿಗೇನು ಗೊತ್ತು ಎಂದುಕೊಂಡು, "ಬೇಕಾದಷ್ಟಿದೆ," ಎಂದಳು.

"ಧಾರಾಳವಾಗಿ ಬಿಡಿ. ಇಲ್ಲಾಂದ್ರೆ ದಡಕ್ಕೆ ಬಂದುಬಿಡಿ. ಹುಲ್ಲಿನ ಕೊಟ್ಟಿಗೆ ಖಾಲಿ ಇದೆ, ನಾನು ಯಾರಿಗೂ ಹೇಳಲ್ಲ."

"ನಿಮ್ಮ ತಾಯಿಗೆ ಎಷ್ಟು ವರ್ಷ?"

"ತೊಂಬತ್ತಮೂರು."

"ಹೂಂ, ಅಮ್ಮನಿಗೆ ತಗುಲಿದ್ರೆ... ಅದೂ ಇದೆ," ಎಂದು ಅವನು ನೀರು ನೋಡಿದ. ಆಮೇಲೆ ಕೈಯೆತ್ತಿ ಹೋದ. ಬುಟ್ಟಿಗಳನ್ನು ಎತ್ತಿಕೊಂಡು ದೋಣಿ ಮೇಲೆಳೆಯಬೇಕಿತ್ತು ಅವನಿಗೆ.

ಎರಡು ವರ್ಷದಲ್ಲಿ ಇನ್ನೂರು ಸಲವಾದರೂ ಲಂಗರು ಹಾಕಿದ್ದರು. ಒಂದು ಸಲವೂ ಅವಳ ಕೈಯಿಂದಲ್ಲ. ಅವಳದು ಹಿಂದೆ ಚುಕ್ಕಾಣಿ. ಅವನು ದೋಣಿಯ ಮೂತಿಯ ಬಳಿ ನಿಂತು ಕೈಸನ್ನೆ ಮಾಡಿದಂತೆ ನಡೆಸುವುದು. ಇವತ್ತು ಎರಡೂ ಕಡೆ ಅವಳೇ. ಇಂಜಿನ್ ಹಾಕಿ, ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು, ಮುಂದಕ್ಕೆ ಓಡುವುದು, ಸರಪಳಿ ಎತ್ತುವುದು, ಹಿಂದಕ್ಕೆ ಓಡುವುದು. ಬಿಳಿ ಬಂಡೆಯ ನೇರಕ್ಕೆ ಬಂದು ಲಂಗರು ಬಿಟ್ಟಾಗ ಹೊತ್ತು ನಡುನೆತ್ತಿಗೆ ಬಂದಿತ್ತು. ಬಂಡೆ ಮನೆಯೆತ್ತರ ನಿಂತಿತ್ತು, ಅದರ ಕಾಲಿಗೆ ಕಂದು ಪಾಚಿ ಜೋಲುತ್ತಿತ್ತು. ಆಳದ ಮೀಟರು ಎರಡು ಮಾರಿನಷ್ಟು ತೋರಿಸಿತು. ಗುರುದತ್ ಕಾರ್ಕಿನ ದೋಣಿಕಟ್ಟೆಯ ಮೇಲೆ ಸರಪಳಿಯನ್ನು ಎರಡೂ ಕೈ ಚಾಚಿ ಮಾರಿನ ಲೆಕ್ಕದಲ್ಲಿ ಅಳೆದು ಐದೈದು ಮಾರಿಗೆ ಕೆಂಪು ಬಣ್ಣ ಬಳಿದಿದ್ದ. ಎರಡನೆಯ ಕೆಂಪು ಸರಪಳಿ ಸುತ್ತುವ ರಾಟೆಯ ಮೇಲೆ ಬಂದಾಗ ನಿಲ್ಲಿಸಿದಳು. ಸರಪಳಿಗೆ ದಪ್ಪ ಹಗ್ಗದ ಕೊಕ್ಕೆ ಹಾಕಿ ಹಗ್ಗವನ್ನು ಗೂಟಕ್ಕೆ ಕಟ್ಟಿದಳು. ಇಂಜಿನ್ ಹಿಂದಕ್ಕೆ ಕೊಟ್ಟು ಎಳೆದು ನೋಡಿದಳು. ದೋಣಿ ಮಿಸುಕಲಿಲ್ಲ. ತನಗೆ ತಾನೇ ಭೇಷ್ ಎಂದುಕೊಂಡು, ಫೋನ್ ಮಾಡಿದಳು.

"ಎಷ್ಟು ಬಿಟ್ಟೆ?" ಎಂದ ಗುರುದತ್. ಔಷಧಿಯ ಮಂಪರಿನಲ್ಲಿ ಅವನ ಮಾತು ಒದ್ದೆ ಬಟ್ಟೆಯ ಹಾಗೆ ಭಾರವಾಗಿತ್ತು.

"ಹತ್ತು ಮಾರು."

"ಆಳ?"

"ಎರಡೇ ಮಾರು ರೀ."

"ಆಳ ಒಂದಕ್ಕೆ ಸರಪಳಿ ಐದು. ಗ್ರ್ಯಾಂಡ್. ಸಾಕು ಬಿಡು." ಸ್ವಲ್ಪ ತಡೆದು, "ಹಿಂದೆ ಜಾಗ ಇದೆಯಾ?"

"ಐವತ್ತು ಅರವತ್ತು ಮೀಟರಿಗೆ ಬಂಡೆಸಾಲು. ಮುಟ್ಟಲ್ಲ. ನೀವು ಮಲಗಿ. ಇವತ್ತು ಭೀಮನ ಅಮಾವಾಸ್ಯೆ, ದಾರ ಕಟ್ಟಿದೀನಿ."

"ಓ! ಹೋದ ವರ್ಷ ಗ್ರೆನಾಡದಲ್ಲಿ ಮಾಡಿದ್ದೆಯಲ್ಲ, ತೆಂಗಿನಕಾಯಿ ಒಡೆದು..." ಎನ್ನುತ್ತಲೇ ಅವನಿಗೆ ಕೆಮ್ಮು ಬಂತು. ಯಾರೋ ಬಂದು ಫೋನ್ ಇಡಿ ಎಂದರು.

ಮೂರು ಗಂಟೆಗೆ ಗಾಳಿ ಬಂತು. ಮೊದಲು ಗುಡ್ಡದ ಮೇಲಿನ ಹುಲ್ಲು ಒಂದೇ ಮಗ್ಗುಲಿಗೆ ಮಲಗಿತು. ಫಿನ್‌ಬಾರನ ಹಸುಗಳು ಬೆನ್ನು ತಿರುಗಿಸಿ ಬೇಲಿಯ ಮರೆಗೆ ಹೋದವು. ಆಮೇಲೆ ನೀರಿನ ಬಣ್ಣ ಹೋಯಿತು. ನಾಲ್ಕರ ಹೊತ್ತಿಗೆ ಹಾಯಿಕಂಬದ ತಂತಿಗಳು ಕೂಗತೊಡಗಿದವು. ಮಳೆ ಅಡ್ಡಡ್ಡ ಬಂದು ಕಿಟಕಿಗೆ ಜಲ್ಲಿ ಎರಚಿದ ಹಾಗೆ ಬೀಳುತ್ತಿತ್ತು. ಫೋನಿನಲ್ಲಿ ಸಿಗ್ನಲ್ಲು ಹೋಯಿತು. ಗುಡ್ಡದಾಚೆಯ ಟವರಿಗೆ ಕರೆಂಟು ಹೋಗಿರಬೇಕು. ಎದುರಿನ ಮನೆಯಲ್ಲೂ ದೀಪ ಕಾಣಲಿಲ್ಲ.

ಅವಳು ಕೆಳಗೆ ಕೂತು ತಣ್ಣನೆ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದಳು. ರೇಡಿಯೋ ಹಾಕಿದಳು, ಕರಾವಳಿ ಕಾವಲು ಪಡೆಯವನು ದೂರದ ಯಾವುದೋ ಮೀನುಹಡಗಿನ ಜೊತೆ ಮಾತಾಡುತ್ತಿದ್ದ. ಅವರ ಮಾತು ಕೇಳಲಿಕ್ಕೇ ಹಿತವಾಗಿತ್ತು. ಅದೂ ನಿಂತಿತು. ಗುರುದತ್ ಇದ್ದಿದ್ದರೆ ಈ ಹೊತ್ತಿಗೆ "ಇದೇನು ಗಾಳಿ, ಮಾರ್ಟಿನಿಕ್‌ನಲ್ಲಿ ನೋಡಿಲ್ವಾ" ಎಂದು ಶುರುಮಾಡುತ್ತಿದ್ದ. ಅವಳು "ಸಾಕು ಸುಮ್ನಿರಿ, ಅಲ್ಲಿ ನೀವು ವಾಂತಿ ಮಾಡ್ಕೊಂಡಿದ್ದು ನಾನು ನೋಡಿದೀನಿ" ಎನ್ನುತ್ತಿದ್ದಳು. ಆ ಎರಡನೆಯ ಮಾತನ್ನು ಅವಳು ಸುಮ್ಮನೆ ಗಟ್ಟಿಯಾಗಿ ಹೇಳಿ ನೋಡಿದಳು. ತನ್ನ ದನಿ ತನಗೇ ಯಾರದೋ ಅನ್ನಿಸಿತು.

ಐದೂವರೆಗೆ ಪಾದಕ್ಕೆ ಏನೋ ತಿಳಿಯಿತು. ನೆಲದ ಹಲಗೆಯ ಮೂಲಕ ಒಂದು ಗೊರಗೊರ. ಬಂತು, ನಿಂತಿತು, ಮತ್ತೆ ಬಂತು. ಅವಳು ಮಳೆಯಂಗಿ ಎಳೆದುಕೊಂಡು ಮೇಲೆ ಹೋದಳು. ಮಧ್ಯಾಹ್ನ ಗುರುತಿಟ್ಟುಕೊಂಡಿದ್ದ ಕೆಂಪು ಗೇಟು ಮತ್ತು ಅದರ ಹಿಂದಿನ ಒಂಟಿ ಮರ ಆಗ ಒಂದೇ ಗೆರೆಯಲ್ಲಿದ್ದವು. ಈಗ ಮರ ಗೇಟಿನ ಎಡಕ್ಕೆ ಸರಿದಿತ್ತು. ಮರಗಳು ಸರಿಯುವುದಿಲ್ಲ. ಬಿಳಿ ಬಂಡೆಯ ಕಡೆ ನೋಡಿದಳು. ಮನೆಯೆತ್ತರದ ಬಂಡೆ ಜಗಲಿಯೆತ್ತರ ಆಗಿತ್ತು. ಅಲೆ ಮುಚ್ಚಿದೆ ಎಂದುಕೊಂಡಳು. ಅಲೆ ಇಳಿಯಿತು. ಬಂಡೆ ಅಷ್ಟೇ ಇತ್ತು.

ಮೀಟರು ನೋಡಿದಳು. ಎರಡು ಮಾರು ಇದ್ದ ನೀರು ಹೆಚ್ಚುಕಮ್ಮಿ ನಾಲ್ಕಾಗಿತ್ತು.

ಆಗ ಅವಳಿಗೆ ಹೊಳೆಯಿತು. ಅಮಾವಾಸ್ಯೆ. ಬೆಳಿಗ್ಗೆ ದೀಪ ಹಚ್ಚಿದ್ದಳು, ದಾರ ಕಟ್ಟಿದ್ದಳು, ತಲೆಗೆ ನೀರು ಹಾಕಿಕೊಂಡಿದ್ದಳು. ಅಮಾವಾಸ್ಯೆಗೆ ಈ ದೇಶದ ಸಮುದ್ರ ಎರಡಾಳು ಉಬ್ಬಿ ಎರಡಾಳು ಇಳಿಯುತ್ತದೆ ಎಂಬುದೊಂದನ್ನು ಬಿಟ್ಟು ಅಮಾವಾಸ್ಯೆಗೆ ಸಂಬಂಧಪಟ್ಟದ್ದನ್ನೆಲ್ಲ ಮಾಡಿದ್ದಳು. ಹತ್ತೊಂಬತ್ತು ವರ್ಷ ಈ ದಡದಲ್ಲಿದ್ದು ಕಂಡದ್ದೇ. ಆದರೆ ಎರಡು ವರ್ಷ ಆ ದ್ವೀಪಗಳಲ್ಲಿ ಅಮಾವಾಸ್ಯೆ ಬಂದರೂ ಹುಣ್ಣಿಮೆ ಬಂದರೂ ನೀರು ಒಂದು ಗೇಣು ಏರಿದರೆ ಹೆಚ್ಚು. ಮೈಗೆ ಅದು ಮರೆತೇ ಹೋಗಿತ್ತು. ಇಳಿತದ ತಳದಲ್ಲಿ ಲಂಗರು ಹಾಕಿ, ಆಗಿನ ನೀರಿಗೆ ಲೆಕ್ಕ ಹಾಕಿ, ಭೇಷ್ ಎಂದುಕೊಂಡಿದ್ದಳು. ಉಬ್ಬರ ತುಂಬಲು ಇನ್ನೂ ಒಂದು ಗಂಟೆ ಇತ್ತು.

ರೇಡಿಯೋದ ಮೈಕು ಕೈಗೆ ತೆಗೆದುಕೊಂಡಳು. ಕರೆದರೆ ಕಾವಲು ಪಡೆಯವರು ಬರುತ್ತಾರೆ. ಬರಲು ಮುಕ್ಕಾಲು ಗಂಟೆ. ಬಂದರೆ ಅವಳನ್ನು ಒಯ್ಯುತ್ತಾರೆ, ದೋಣಿಯನ್ನಲ್ಲ. ಗೋಡೆ, ಒಲೆ, ಹಾಸಿಗೆ, ತನ್ವಿಯ ಶಾಲೆಯ ಫೋಟೋ, ಗುರುದತ್ ಆಸ್ಪತ್ರೆಯಿಂದ ಬಂದು ತಲೆಯಿಡಬೇಕಾದ ದಿಂಬು, ಎಲ್ಲ ಇದೇ ಮೂವತ್ತನಾಲ್ಕು ಅಡಿಯಲ್ಲಿತ್ತು. ಮೈಕನ್ನು ಇಟ್ಟಳು, ತೀರ ಇಡದೆ, ಕೈಗೆಟಕುವಂತೆ ಮೆಟ್ಟಿಲಿಗೆ ಸಿಕ್ಕಿಸಿದಳು.

ಹಿಂದೆ ನೋಡಿದಳು. ಬಂಡೆಸಾಲು ಮಧ್ಯಾಹ್ನಕ್ಕಿಂತ ಹತ್ತಿರ. ಅಲೆ ಒಡೆದು ನೊರೆ ಮೇಲೆದ್ದು ಬೀಳುವುದು ಕಾಣುತ್ತಿತ್ತು. ಸರಪಳಿ ಬಿಟ್ಟರೆ ಬಿಟ್ಟಷ್ಟೂ ದೋಣಿ ಅದರ ಕಡೆಗೇ ಹೋಗುತ್ತದೆ. ಮನಸ್ಸೆಲ್ಲ ಎಳೆದುಕೋ, ಬಿಗಿದುಕೋ ಎನ್ನುತ್ತಿತ್ತು.

ಹತ್ತು ವರ್ಷದವಳಿದ್ದಾಗ ಹೀಗೇ ಬಿಗಿದಿದ್ದಳು. ಅಪ್ಪನ ಹಳ್ಳಿಕಾರ್ ಹೋರಿಯನ್ನು ಬೀಳಿನಲ್ಲಿ ಕಟ್ಟಿ ಬಾ ಎಂದಾಗ, ಹೆದರಿ, ತಲೆ ಎತ್ತಲಾಗದಂತೆ ಮೋಟು ಹಗ್ಗಕ್ಕೆ ಕಟ್ಟಿದ್ದಳು. ಹೋರಿ ಕತ್ತು ಒಂದೇ ಸಲ ಮೇಲಕ್ಕೆ ಒಗೆಯಿತು, ಗೂಟ ಮೂಲಂಗಿಯ ಹಾಗೆ ಕಿತ್ತುಬಂತು. ಅಪ್ಪ ಬಯ್ಯಲಿಲ್ಲ. "ಹಗ್ಗ ಉದ್ದ ಬುಡವ್ವ. ಅದು ನೆಲದ ಮ್ಯಾಲೆ ಅಡ್ಡಕ್ಕೆ ಎಳೀಲಿ. ಮೇಲಕ್ಕೆ ಎಳದ್ರೆ ಯಾವ ಗೂಟ ನಿಂತದು?" ಎಂದು, ಅದೇ ಗೂಟವನ್ನು ಅದೇ ತೂತಿಗೆ ಬಡಿದು, ಉದ್ದ ಹಗ್ಗಕ್ಕೆ ಕಟ್ಟಿ ಊಟಕ್ಕೆ ನಡೆದಿದ್ದ.

ಅವಳು ಇಂಜಿನ್ ಹಾಕಿದಳು. ನಿಧಾನ ಮುಂದಕ್ಕೆ ಕೊಟ್ಟು, ಚುಕ್ಕಾಣಿ ನಡುವಿಗೆ ಬಿಗಿದು, ಮೂತಿಯ ಕಡೆ ತೆವಳಿದಳು. ನಿಂತರೆ ಗಾಳಿ ಎತ್ತಿ ಒಗೆಯುವಂತಿತ್ತು. ಮೂತಿ ಅಲೆಯೊಳಗೆ ಇಳಿದಾಗ ತಣ್ಣೀರು ಕತ್ತಿನ ಮೂಲಕ ಒಳಗಿಳಿದು ಸೊಂಟಕ್ಕೆ ಬಂತು. ಸರಪಳಿ ಬಾಗದೆ, ಸಲಾಕೆಯ ಹಾಗೆ ನೆಟ್ಟಗೆ ಕೆಳಗೆ ಹೋಗಿತ್ತು. ಪ್ರತಿ ಅಲೆಗೂ ಲಂಗರನ್ನು ಮೇಲಕ್ಕೆ ಕೀಳುತ್ತಿತ್ತು. ಕೊಕ್ಕೆ ಬಿಚ್ಚಲು ನೋಡಿದಳು. ಬಿಗಿತಕ್ಕೆ ಅಲ್ಲಾಡಲಿಲ್ಲ. ಕಾದಳು. ಇಂಜಿನ್ನು ದೋಣಿಯನ್ನು ಅಷ್ಟಿಷ್ಟು ಮುಂದೆ ತಳ್ಳುತ್ತಿತ್ತು; ಎರಡು ದೊಡ್ಡ ಅಲೆಗಳ ನಡುವೆ ಒಂದು ಕ್ಷಣ ಸರಪಳಿ ಜೋಲಿತು. ಆ ಕ್ಷಣಕ್ಕೆ ಬೆರಳು ಹಾಕಿದಳು, ತಪ್ಪಿತು. ಮತ್ತೆ ಕಾದಳು. ನಾಲ್ಕನೆಯ ಸಲಕ್ಕೆ ಕೊಕ್ಕೆ ಕಳಚಿ ಮಂಡಿಗೆ ಬಡಿಯಿತು. ರಾಟೆಯನ್ನು ತಡೆದು ಹಿಡಿದಿದ್ದ ಬಿರಿ ಸಡಿಲಿಸಿದಳು.

ಸರಪಳಿ ಕಿರುಚುತ್ತ ಓಡಿತು. ಮೂರನೆಯ ಕೆಂಪು ಹೋಯಿತು. ದೋಣಿ ಹಿಂದಕ್ಕೆ ಹೋಗುವುದು ಬೆನ್ನಿಗೆ ತಿಳಿಯುತ್ತಿತ್ತು. ತಿರುಗಿ ನೋಡಲಿಲ್ಲ, ನೋಡಿದರೆ ಬಿರಿ ಹಾಕಿಬಿಡುತ್ತೇನೆಂದು ಗೊತ್ತಿತ್ತು. ನಾಲ್ಕನೆಯ ಕೆಂಪು. ಕೈಗವಸು ಹರಿದು ಅಂಗೈ ಉರಿಯುತ್ತಿತ್ತು. ಐದನೆಯದು ರಾಟೆಯ ಮೇಲೆ ಬಂದಾಗ ಮೈಯ ಭಾರವೆಲ್ಲ ಹಾಕಿ ಬಿರಿ ತಿರುಗಿಸಿದಳು. ಕೊಕ್ಕೆ ಸಿಕ್ಕಿಸಿ ಹಗ್ಗ ಕಟ್ಟಿದಳು. ಆಮೇಲೆ ಅಲ್ಲೇ ಬೋರಲು ಮಲಗಿ ಸರಪಳಿಯ ಮೇಲೆ ಕೈಯಿಟ್ಟಳು, ಕರುವಿನ ಕತ್ತಿನ ಮೇಲಿಡುವ ಹಾಗೆ. ಗೊರಗೊರ ಬಂತು. ಮತ್ತೆ ಬಂತು. ಒಂದು ದೊಡ್ಡ ಅಲೆ ಮೂತಿಯನ್ನೆತ್ತಿತು, ಸರಪಳಿ ಉದ್ದಕ್ಕೂ ಬಿಗಿದು ನೀರಿನಿಂದ ಅರ್ಧ ಎದ್ದಿತು. ಗೊರಗೊರ ಇಲ್ಲ. ಮುಂದಿನ ಅಲೆಗೂ ಇಲ್ಲ.

ಆಗ ತಿರುಗಿ ನೋಡಿದಳು. ಹಿಂದಿನ ಬಂಡೆಗೂ ದೋಣಿಗೂ ನಡುವೆ ಇನ್ನೊಂದು ದೋಣಿ ಹಿಡಿಯುವಷ್ಟು ಜಾಗ. ಒಡೆದ ಅಲೆಯ ಹನಿ ಅವಳವರೆಗೆ ಬರುತ್ತಿತ್ತು.

ಇಂಜಿನ್ ನಿಧಾನ ಓಡುತ್ತಿರುವಂತೆಯೇ ಬಿಟ್ಟು, ಚುಕ್ಕಾಣಿಯ ಬಳಿ ಕೂತು ಎಂಟೂವರೆಯವರೆಗೆ ಗೇಟು ಮತ್ತು ಮರವನ್ನು ನೋಡಿದಳು. ಮಾಡುವುದಕ್ಕೆ ಬೇರೆ ಏನೂ ಇರಲಿಲ್ಲ. ಒಮ್ಮೆ ಎದುರು ಮನೆಯ ಕಿಟಕಿಯಲ್ಲಿ ಮೇಣದ ಬತ್ತಿಯಂಥದೇನೋ ಕಂಡಿತು. ಅವಳು ಕೈಯೆತ್ತಿದಳು. ಆ ಮಳೆಯಲ್ಲಿ ಅಲ್ಲಿಂದ ಕೈ ಕಾಣುವುದಿಲ್ಲ ಎಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಎತ್ತಿಕೊಂಡೇ ಇದ್ದಳು. ಕತ್ತಲಾಗುವ ಮುಂಚೆ ಮಳೆ ಕಡಿಯಿತು, ಗಾಳಿ ವಾಯವ್ಯಕ್ಕೆ ತಿರುಗಿತು. ದೋಣಿ ದೊಡ್ಡ ಬಾಗಿಲಿನ ಹಾಗೆ ನಿಧಾನವಾಗಿ ತಿರುಗಿ ಬಂಡೆಯಿಂದ ದೂರ ಹೋಗಿ ನಿಂತಿತು. ಅವಳು ಇಂಜಿನ್ ಆರಿಸಿದಳು.

ರಾತ್ರಿ ಮಲಗಿ, ಗುರುದತ್‌ಗೆ ಹೇಗೆ ಹೇಳುವುದೆಂದು ಜೋಡಿಸಿಕೊಂಡಳು. ಕೊಕ್ಕೆ ನಾಲ್ಕನೆಯ ಸಲಕ್ಕೆ ಬಿಚ್ಚಿದ್ದು. ಐದನೆಯ ಕೆಂಪು. ತಿರುಗಿ ನೋಡದೇ ಇದ್ದದ್ದು. ಅದನ್ನು ಹೇಳುವಾಗ ಅವನು ಎಲ್ಲಿ ಬಾಯಿ ಬಿಡುತ್ತಾನೆ, ಎಲ್ಲಿ "ಸುಳ್ಳು!" ಅನ್ನುತ್ತಾನೆ, ಎಲ್ಲ ಗೊತ್ತಿತ್ತು. ಹಾಗೇ ಜೋಡಿಸುತ್ತ ನಿದ್ದೆ ಹೋದಳು.

ಮರುದಿನ ಹತ್ತಕ್ಕೆ ಸಿಗ್ನಲ್ ಬಂತು. ತನ್ವಿಯ ಹದಿನಾಲ್ಕು ಮೆಸೇಜು ಒಂದರ ಮೇಲೊಂದು ಬಿದ್ದವು. ಓದುವ ಮುಂಚೆಯೇ ಫೋನ್ ಹೊಡೆದುಕೊಂಡಿತು.

"ಲೀಲಾ?"

"ಹೂಂ ರೀ."

"ಇದೀಯಾ?"

"ಇದೀನಲ್ರೀ, ಮಾತಾಡ್ತಾ ಇದೀನಿ. ದೋಣಿನೂ ಇದೆ."

"ನಾನು ಕೇಳಲೇ ಇಲ್ಲ ನೋಡು," ಎಂದ. "ಎಷ್ಟು ಹೊತ್ತಿಗೆ ಹಾಕಿದೆ ಅಂತ ಕೇಳಲೇ ಇಲ್ಲ. ಅಮಾವಾಸ್ಯೆ ಅಂತ ನೀನೇ ಹೇಳಿದೆ, ನಾನು ತೆಂಗಿನಕಾಯಿ ಮಾತಾಡಿದೆ. ಐದು ಗಂಟೆಗೆ ಹೊಳೀತು. ಫೋನ್ ಹೋಗ್ತಾ ಇಲ್ಲ. ಮೂವತ್ತು ಸಲ ಮಾಡಿದೀನಿ. ನರ್ಸ್ ಕೈಲಿ ಕೋಸ್ಟ್ ಗಾರ್ಡಿಗೆ ಮಾಡಿಸಿದೆ. ಆ ದೋಣಿಯಿಂದ ಕರೆ ಬಂದಿಲ್ಲ ಅಂದ್ರು. ಬರದೇ ಇದ್ದಿದ್ದು ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಯಾರಿಗೆ ಗೊತ್ತು? ಹಾರ್ಟ್‌ರೇಟು ಏರ್ತಾ ಇದೆ ಅಂತ ಫೋನ್ ಕಿತ್ಕೊಂಡು ಇಂಜೆಕ್ಷನ್ ಕೊಟ್ರು. ಸಾಕು ಅಂದವನು ನಾನು, ಲೀಲಾ. ಹತ್ತು ಮಾರು ಸಾಕು ಅಂತ ನಾನೇ..."

"ಅಯ್ಯೋ, ಹತ್ತಕ್ಕೇ ನಿಲ್ಸಿದೆ ಅಂದ್ಕೊಂಡ್ರಾ?" ಎಂದಳು ಲೀಲಾವತಿ. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. "ನೀವು ಫೋನ್ ಇಟ್ಟ ಮೇಲೆ ನೆನಪಾಯ್ತು ನಂಗೆ. ಗಾಳಿ ಬರೋ ಮುಂಚೇನೇ ಇಪ್ಪತ್ತೈದು ಬಿಟ್ಟೆ."

"ಗಾಳಿ ಬರೋ ಮುಂಚೆ?"

"ಹೂಂ. ಆಮೇಲೆ ಅನ್ನ ತಿಂದು ಮಲಗಿದೆ."

"ಮಲಗಿದೆ!" ಅವನು ನಕ್ಕ; ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ನಾನಿಲ್ಲಿ ಸಾಯ್ತಾ ಇದೀನಿ, ಇವಳು ಅನ್ನ ತಿಂದು ಮಲಗಿದ್ಲಂತೆ. ಏನು ಹೆಂಗಸಪ್ಪ ನೀನು!"

"ಮತ್ತೇನ್ ಮಾಡ್ಲಿ? ಕೂತು ಗಾಳಿ ಎಣಿಸ್ಲಾ?"

ಅವನು ಇನ್ನೂ ಏನೇನೋ ಹೇಳಿದ. ಪಕ್ಕದ ಹಾಸಿಗೆಯವನು ಆಲೂಗಡ್ಡೆ ಬೆಳೆಯುವವನು, ಇಡೀ ರಾತ್ರಿ ಇವನಿಗೆ ಧೈರ್ಯ ಹೇಳಿದನಂತೆ. ಮಾತು ನಿಧಾನವಾಯಿತು, ಎರಡು ಮಾತಿನ ನಡುವೆ ಬಿಡುವು ಉದ್ದವಾಯಿತು. ಆಮೇಲೆ ಸಣ್ಣ ಗೊರಕೆ ಕೇಳಿಸಿತು. ಅದರ ಹಿಂದೆ ತಳ್ಳುಗಾಡಿಯ ಚಕ್ರ, ಯಾರೋ ಟೀ ಬೇಕೇ ಎಂದು ಕೇಳುವುದು.

ಅವಳು ಫೋನ್ ಇಡಲಿಲ್ಲ. ಸುಲಿದ ಅಂಗೈಗೆ ತಾಗದಂತೆ ಅದನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಬಿಸಿಲು ಬಿದ್ದ ಡೆಕ್ಕಿನ ಮೇಲೆ ಕೂತಳು. ಹದಿನಾಲ್ಕು ದಿನ ಮುಗಿಯಲು ಇನ್ನು ನಾಲ್ಕು ದಿನ ಇತ್ತು. ಬ್ಯಾಟರಿ ಮುಗಿಯುವವರೆಗೆ ಗೊರಕೆ ಕೇಳುತ್ತ ಕೂತಿದ್ದಳು.